ಹಳೆಯ ಮನೆಯೂ ಇಂಧನದ ಮಿತವ್ಯಯವೂ: ಮನೆಯೊಡೆಯನ ಹಾದಿಯನ್ನು ಸುಗಮಗೊಳಿಸುವ ಯತ್ನಗಳ ಚರಿತ್ರೆ (1973–2025)

1. ಪೀಠಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಸುಪ್ರಸಿದ್ಧವಾದುದು. ಕಟ್ಟಿದ ಮನೆಯನ್ನು ಮತ್ತೆ ಬಿಚ್ಚಿ ತಿದ್ದುವ ವಿಷಯದಲ್ಲಿ ಗಾದೆ ಏನನ್ನೂ ಹೇಳುವುದಿಲ್ಲ. ಆದರೆ ಆ ಕೆಲಸದ ತೊಡಕು ಕಟ್ಟುವುದಕ್ಕಿಂತ ಕಡಿಮೆಯದೇನೂ ಅಲ್ಲ. ಕಟ್ಟುವಾಗ ನಿವೇಶನ ಬರಿದಾಗಿರುತ್ತದೆ. ತಿದ್ದುವಾಗ ಅದರಲ್ಲಿ ಸಂಸಾರವಿರುತ್ತದೆ. ಕಳೆದ ಅರ್ಧ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳ ಸರ್ಕಾರಗಳು ಲಕ್ಷಾಂತರ ಮನೆಯೊಡೆಯರನ್ನು ಇಂಥ ಕೆಲಸಕ್ಕೆ ಒಲಿಸಲು ಹೊರಟವು. ಹಳೆಯ ಮನೆಗಳು ಕಡಿಮೆ ಇಂಧನದಿಂದಲೇ ಬೆಚ್ಚಗಿರುವಂತೆ ಅವುಗಳನ್ನು ನವೀಕರಿಸಬೇಕೆಂಬುದು ಅವುಗಳ ಉದ್ದೇಶ. ಆ ಯತ್ನಗಳಲ್ಲಿ ಕೆಲವನ್ನು ಪರಿಶೀಲಿಸಿ, ಅವು ಎಲ್ಲಿ ಫಲಿಸಿದವು, ಎಲ್ಲಿ ಮುಗ್ಗರಿಸಿದವು, ಅದಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಗುರಿ.

ಮೊದಲು ವಿಷಯದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ನಾಡಿನಲ್ಲಿ ಮನೆಯ ಚಿಂತೆ ಬಿಸಿಲನ್ನು ಹೊರಗಿಡುವುದು. ಶೀತದೇಶಗಳಲ್ಲಿ ಶಾಖವನ್ನು ಒಳಗೆ ಹಿಡಿದಿಡುವುದು. ಐರೋಪ್ಯ ಒಕ್ಕೂಟದ ಮನೆಗಳಲ್ಲಿ ಬಳಕೆಯಾಗುವ ಇಂಧನದ ಸುಮಾರು ಐದರಲ್ಲಿ ಮೂರು ಪಾಲು ಕೊಠಡಿಗಳನ್ನು ಬೆಚ್ಚಗಿಡುವುದಕ್ಕೇ ವೆಚ್ಚವಾಗುತ್ತದೆ. ಆ ಶಾಖ ಮಾಡಿನಿಂದ, ಗೋಡೆಯಿಂದ, ಕಿಟಕಿಯ ಸಂದುಗಳಿಂದ ಸೋರಿಹೋಗುತ್ತದೆ. ಇದನ್ನು ತಡೆಯುವ ಉಪಾಯಗಳು ಗೂಢವಾದವಲ್ಲ. ಮಾಡಿನ ಕೆಳಗೆ ಅಟ್ಟದ ಮೇಲೆ ಗಾಜಿನ ಅಥವಾ ಖನಿಜದ ನಾರಿನ ದಪ್ಪನೆಯ ಹಾಸನ್ನು ಹರಡುವುದು, ಎರಡು ಪದರದ ಗೋಡೆಗಳ ನಡುವಣ ಪೊಳ್ಳನ್ನು ತುಂಬುವುದು, ಪೊಳ್ಳಿಲ್ಲದ ಗೋಡೆಗೆ ಹೊರಗಿನಿಂದಲೋ ಒಳಗಿನಿಂದಲೋ ಶಾಖರೋಧಕ ಹೊದಿಕೆಯನ್ನು ಹೊದಿಸುವುದು, ಜೋಡಿಗಾಜಿನ ಕಿಟಕಿಗಳನ್ನು ಕೂಡಿಸುವುದು, ಹಳೆಯ ಬಾಯ್ಲರನ್ನು ತೆಗೆದು ಮೇಲಾದ ಯಂತ್ರವನ್ನು ಇಡುವುದು — ಇಷ್ಟೇ ಅವುಗಳ ಸಾರಾಂಶ.

ಉಪಾಯ ತಿಳಿದಿದೆ, ಅನೇಕ ಮನೆಗಳಲ್ಲಿ ಲಾಭವೂ ಇದೆ. ಆದರೂ ಮನೆಯೊಡೆಯರಲ್ಲಿ ಹೆಚ್ಚಿನವರು ಕೈಹಾಕಲಿಲ್ಲ. ಏಕೆ? ಹಣದ ಅಭಾವವೇ ಕಾರಣವೆಂದು ಆಡಳಿತಗಾರರು ಬಹುಕಾಲ ನಂಬಿದ್ದರು. ಹಣದ ತೊಡಕಿನಷ್ಟೇ ಬಲವಾದುದು ಹೊಣೆಯ ತೊಡಕು ಎಂಬುದೂ, ಆ ಹೊಣೆಯನ್ನು ಮನೆಯೊಡೆಯನ ಪರವಾಗಿ ಯಾರಾದರೂ ಹೊತ್ತ ಕಡೆಗಳಲ್ಲಿ ಮಾತ್ರ ಕೆಲಸ ನಿಜವಾಗಿ ಸುಲಭವಾಯಿತೆಂಬುದೂ ಈ ಚರಿತ್ರೆಯಿಂದ ಹೊರಡುವ ಪಾಠವೆಂದು ನಮಗೆ ತೋರುತ್ತದೆ.

2. ತೈಲಸಂಕಟ ಮತ್ತು ಮೊದಲ ಕಾಯಿದೆಗಳು

1973ರ ಅಕ್ಟೋಬರ್ ತಿಂಗಳಲ್ಲಿ ಪಶ್ಚಿಮ ಏಷ್ಯದ ಯುದ್ಧದ ಹಿಂದೆಯೇ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಅದುವರೆಗೆ ಗೃಹಕೃತ್ಯದ ಸಂಗತಿಯಾಗಿದ್ದ ಮನೆಯ ಶಾಖ ಅಂದಿನಿಂದ ರಾಜ್ಯದ ಚಿಂತೆಯಾಯಿತು. ಪಶ್ಚಿಮ ಜರ್ಮನಿ 1976ರಲ್ಲಿ ಇಂಧನ ಉಳಿತಾಯದ ಕಾಯಿದೆಯನ್ನು ಮಾಡಿ, ಅದರ ಆಧಾರದ ಮೇಲೆ 1977ರಲ್ಲಿ ಹೊಸ ಕಟ್ಟಡಗಳ ಶಾಖರಕ್ಷಣೆಗೆ ನಿಯಮಗಳನ್ನು ವಿಧಿಸಿತು. ಬ್ರಿಟನ್ನಿನಲ್ಲಿ 1978ರ ಕಾಯಿದೆಯೊಂದು ಅಟ್ಟದ ಹಾಸಿಗೆ ತಗಲುವ ಖರ್ಚಿನ ಸುಮಾರು ಮೂರನೆಯ ಎರಡು ಪಾಲನ್ನು, 50 ಪೌಂಡುಗಳ ಮಿತಿಯಲ್ಲಿ, ಸ್ಥಳೀಯ ಸಂಸ್ಥೆಗಳ ಮೂಲಕ ಕೊಡಲು ಏರ್ಪಾಡು ಮಾಡಿತು. ಅದೇ ವರ್ಷ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ದೊಡ್ಡ ವಿದ್ಯುತ್ ಮತ್ತು ಅನಿಲ ಕಂಪನಿಗಳು ಗಿರಾಕಿಯ ಮನೆಯನ್ನು ಅಲ್ಪ ಶುಲ್ಕಕ್ಕೆ ತಪಾಸಣೆ ಮಾಡಿ ಸಲಹೆ ಕೊಡಬೇಕೆಂದು ಶಾಸನವಾಯಿತು.

ಈ ಮೊದಲ ಹಂತದ ಕ್ರಮಗಳಲ್ಲಿ ಒಂದು ಸಾಮ್ಯವಿದೆ. ಹೊಸ ಕಟ್ಟಡಕ್ಕೆ ಆಜ್ಞೆ, ಹಳೆಯ ಮನೆಗೆ ಪ್ರೋತ್ಸಾಹ — ಇದು ಅಂದಿನ ನೀತಿ. ಹೊಸ ಕಟ್ಟಡವನ್ನು ಕಟ್ಟುವವನು ವೃತ್ತಿನಿರತ. ನಿಯಮಗಳನ್ನು ಓದಿ ನಡೆದುಕೊಳ್ಳುವುದು ಅವನ ಕಸುಬಿನ ಭಾಗ. ಹಳೆಯ ಮನೆಯ ಒಡೆಯನಾದರೋ ಶಾಲೆಯ ಉಪಾಧ್ಯಾಯನೋ ಕಾರ್ಖಾನೆಯ ಕೆಲಸಗಾರನೋ ನಿವೃತ್ತಿವೇತನದ ಮೇಲೆ ಬದುಕುವ ವೃದ್ಧೆಯೋ ಆಗಿರುತ್ತಾನೆ. ಅಂಥವರ ಕೈಗೆ ಸಲಹೆಯ ಪಟ್ಟಿಯನ್ನು ಕೊಟ್ಟು ಹೊರಟುಹೋದರೆ, ಮುಂದಿನದೆಲ್ಲ ಅವರ ಪಾಲಿಗೆ ಬೀಳುತ್ತದೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಬೇಕು, ನಂಬಿಕೆಗೆ ಯೋಗ್ಯರಾದ ಕೆಲಸಗಾರರನ್ನು ಹುಡುಕಬೇಕು, ಅಂದಾಜು ಪಟ್ಟಿಗಳನ್ನು ಹೋಲಿಸಬೇಕು, ಸಹಾಯಧನಕ್ಕೆ ಅರ್ಜಿ ಹಾಕಬೇಕು, ಉಳಿದ ಹಣಕ್ಕೆ ಸಾಲ ಎತ್ತಬೇಕು, ಕೊಠಡಿಗಳನ್ನು ತೆರವು ಮಾಡಬೇಕು, ಕಡೆಯಲ್ಲಿ ಗೋಡೆಯೊಳಗೆ ಮುಚ್ಚಿಹೋದ ಕೆಲಸ ಸರಿಯಾಗಿದೆಯೇ ಎಂದು ನೋಡಬೇಕು. ಒಂದೊಂದೂ ಸಣ್ಣದೇ, ಒಟ್ಟಿಗೆ ಸೇರಿದರೆ ಬೆಟ್ಟ. ಅಮೆರಿಕದ ತಪಾಸಣಾ ಯೋಜನೆಗೆ ದೊರೆತ ಸ್ಪಂದನ ಅಲ್ಪವಾದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಆಕರಗಳ ವಿಷಯವಾಗಿ ಒಂದು ಮಾತು. ಸರ್ಕಾರದ ವರದಿಗಳು ಸಂದ ಹಣವನ್ನೂ ಮುಗಿದ ಮನೆಗಳನ್ನೂ ಲೆಕ್ಕವಿಡುತ್ತವೆ. ಅರ್ಜಿಯನ್ನು ಅರ್ಧ ತುಂಬಿ ಬಿಟ್ಟವರ, ಎರಡನೆಯ ಅಂದಾಜು ಪಟ್ಟಿ ಬಾರದೆ ಬೇಸತ್ತವರ ಲೆಕ್ಕ ಅವುಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಈ ಚರಿತ್ರೆಯಲ್ಲಿ ಬಹುಸಂಖ್ಯಾತರು ಅವರೇ. ಅವರನ್ನು ಮರೆತು ಓದಿದರೆ ಪ್ರತಿಯೊಂದು ಯೋಜನೆಯೂ ತಕ್ಕಮಟ್ಟಿಗೆ ಯಶಸ್ವಿಯಾದಂತೆಯೇ ಕಾಣುತ್ತದೆ.

3. ಹುಡ್ ರಿವರ್ ಪ್ರಯೋಗ (1983–1985)

ಅಮೆರಿಕದ ವಾಯವ್ಯ ಭಾಗದಲ್ಲಿ, ಆರಿಗನ್ ಸಂಸ್ಥಾನದ ಕೊಲಂಬಿಯ ನದಿಯ ದಡದಲ್ಲಿ ಹುಡ್ ರಿವರ್ ಎಂಬ ಸಣ್ಣ ಜಿಲ್ಲೆಯಿದೆ. ಪೇರು, ಸೇಬುಗಳ ತೋಟಗಳಿಗೆ ಹೆಸರಾದುದು. ಆ ಪ್ರಾಂತದಲ್ಲಿ ಜಲವಿದ್ಯುತ್ತು ಅಗ್ಗವಾಗಿದ್ದ ಕಾರಣ ಬಹಳ ಮನೆಗಳು ವಿದ್ಯುತ್ತಿನಿಂದಲೇ ಬೆಚ್ಚಗಾಗುತ್ತಿದ್ದವು. 1970ರ ದಶಕದಲ್ಲಿ ಅಲ್ಲಿ ಕೈಗೊಂಡ ಪರಮಾಣು ವಿದ್ಯುತ್ ಸ್ಥಾವರಗಳ ಖರ್ಚು ಅಂಕೆ ಮೀರಿ ಬೆಳೆಯಿತು. ವಿದ್ಯುತ್ತಿನ ದರ ಏರಿತು. 1980ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಾಯವ್ಯ ಪ್ರಾಂತಕ್ಕಾಗಿ ಒಂದು ಕಾಯಿದೆಯನ್ನು ಮಾಡಿ, ಉಳಿಸಿದ ವಿದ್ಯುತ್ತನ್ನೂ ಉತ್ಪಾದಿಸಿದ ವಿದ್ಯುತ್ತಿನಂತೆಯೇ ಒಂದು ಸಂಪನ್ಮೂಲವೆಂದು ಎಣಿಸಬೇಕೆಂದೂ, ಮೊದಲ ಪ್ರಾಶಸ್ತ್ಯ ಅದಕ್ಕೇ ಸಲ್ಲಬೇಕೆಂದೂ ವಿಧಿಸಿತು. ಈ ಭಾವನೆಯ ಮಹತ್ವವನ್ನು ನಾವು ಗಮನಿಸಬೇಕು. ಮನೆಗೆ ಹೊದಿಕೆ ಹೊದಿಸುವುದು ಅಲ್ಲಿಯವರೆಗೆ ಒಡೆಯನ ಸ್ವಂತ ವಿಚಾರ. ಈಗ ಅದು ವಿದ್ಯುತ್ ಸ್ಥಾವರದ ಬದಲಿಗೆ ನಿಲ್ಲಬಲ್ಲ ಸಾರ್ವಜನಿಕ ಕಾಮಗಾರಿ. ಸ್ಥಾವರವನ್ನು ಕಟ್ಟುವಾಗ ಯಾರೂ ಪ್ರತಿಯೊಬ್ಬ ಗ್ರಾಹಕನಿಂದ ಅರ್ಜಿ ಬರೆಸುವುದಿಲ್ಲವಷ್ಟೆ.

ಬಾನವಿಲ್ ವಿದ್ಯುತ್ ಆಡಳಿತ ಹಣ ಒದಗಿಸಿತು. ಪೆಸಿಫಿಕ್ ಪವರ್ ಅಂಡ್ ಲೈಟ್ ಕಂಪನಿ ಕಾರ್ಯವನ್ನು ನಿರ್ವಹಿಸಿತು. ಸ್ಥಳೀಯ ವಿದ್ಯುತ್ ಸಹಕಾರ ಸಂಘವೂ ಕೈಗೂಡಿಸಿತು. ಒಟ್ಟು ಮೊತ್ತ ಸುಮಾರು 2 ಕೋಟಿ ಡಾಲರು. ಜಿಲ್ಲೆಯಲ್ಲಿ ವಿದ್ಯುತ್ತಿನಿಂದ ಬೆಚ್ಚಗಾಗುವ ಪ್ರತಿಯೊಂದು ಮನೆಯನ್ನೂ, ಬಾಡಿಗೆಯ ಮನೆಗಳನ್ನೂ ಬಿಡದೆ, ಸಾಧ್ಯವಾದಷ್ಟು ಪೂರ್ಣವಾಗಿ ಭದ್ರಪಡಿಸಿದರೆ ಏನಾಗುತ್ತದೆಂದು ನೋಡುವುದು ಉದ್ದೇಶ. ಮನೆಯವರು ಮಾಡಬೇಕಾದುದು ಬಹುಮಟ್ಟಿಗೆ ಒಪ್ಪಿಗೆ ಕೊಡುವುದೊಂದೇ. ತಪಾಸಣೆಯ ಏರ್ಪಾಡು, ಗುತ್ತಿಗೆದಾರರ ನಿಯೋಜನೆ, ಮುಗಿದ ಕೆಲಸದ ಪರೀಕ್ಷೆ, ಹಣದ ಪಾವತಿ ಎಲ್ಲವೂ ಯೋಜನೆಯವರ ಪಾಲು; ಖರ್ಚು ಗೊತ್ತುಪಡಿಸಿದ ಮಿತಿಯೊಳಗೆ ಇದ್ದರೆ ಮನೆಯವರಿಂದ ಏನನ್ನೂ ಕೇಳುತ್ತಿರಲಿಲ್ಲ. ಊರಿನವರದೇ ಒಂದು ಸಲಹಾ ಸಮಿತಿಯಿತ್ತು. ಸುದ್ದಿ ಹರಡಿದುದು ಜಾಹೀರಾತಿಗಿಂತ ಹೆಚ್ಚಾಗಿ ನೆರೆಹೊರೆಯ ಬಾಯಿಮಾತಿನಿಂದ.

ಫಲ ಅಪೂರ್ವವಾದುದು. ಅರ್ಹವಾದ ಮನೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ತಪಾಸಣೆಗೆ ಒಪ್ಪಿದವು. ಶೇಕಡಾ 85ರಷ್ಟು ಮನೆಗಳಲ್ಲಿ ಮುಖ್ಯವಾದ ಕೆಲಸಗಳು ನಡೆದವು. ಎರಡು ವರ್ಷಗಳ ಸ್ವಲ್ಪ ಹೆಚ್ಚುಕಡಿಮೆ ಅವಧಿಯಲ್ಲಿ ಸುಮಾರು 3,000 ಮನೆಗಳು ಮುಗಿದವು. ಜನರಿಗೆ ಆಸಕ್ತಿಯಿಲ್ಲ, ಅವರು ಹಳೆಯದಕ್ಕೆ ಅಂಟಿಕೊಂಡವರು ಎಂಬ ಆಕ್ಷೇಪಣೆಗೆ ಹುಡ್ ರಿವರ್ ಅಂದೇ ಉತ್ತರ ಕೊಟ್ಟಿತು.

ಆದರೆ ಇನ್ನೊಂದು ಮುಖವೂ ಉಂಟು. ವಿದ್ಯುತ್ತಿನ ನಿಜವಾದ ಉಳಿತಾಯ ಮೊದಲು ಊಹಿಸಿದ್ದರ ಅರ್ಧಕ್ಕಿಂತಲೂ ಕಡಿಮೆಯಾಯಿತು. ದರ ಏರಿದ ಕಾರಣ ಜನ ಆ ವೇಳೆಗಾಗಲೇ ಶಾಖವನ್ನು ತಗ್ಗಿಸಿಕೊಂಡಿದ್ದರು. ಹಲವರು ಸೌದೆಯ ಒಲೆಗೆ ತಿರುಗಿದ್ದರು. ಹಿಂದೆ ನಡುಗುತ್ತ ಉಳಿಸುತ್ತಿದ್ದವರು ಈಗ ಬೆಚ್ಚಗಿದ್ದು ಉಳಿಸಿದರು. ಇದನ್ನು ಲೆಕ್ಕಿಗರು ನಷ್ಟವೆಂದಾರು; ಆ ಮನೆಗಳಲ್ಲಿ ಚಳಿಗಾಲ ಕಳೆದವರಿಗೆ ಅದು ಹಾಗೆ ತೋರಿರಲಾರದು. ಏನೇ ಆಗಲಿ, ಸೌಲಭ್ಯದಿಂದ ಜನ ಬರುತ್ತಾರೆಂಬುದೂ, ಬಂದಮಾತ್ರಕ್ಕೆ ಊಹಿಸಿದಷ್ಟು ಉಳಿತಾಯವಾಗದೆಂಬುದೂ ಎರಡೂ ಅಲ್ಲಿ ಏಕಕಾಲದಲ್ಲಿ ಸಿದ್ಧವಾದವು.

4. ಬ್ರಿಟನ್ನಿನ ಎರಡು ವಿಫಲತೆಗಳು

ಹುಡ್ ರಿವರ್ ನಡೆದು ಕಾಲು ಶತಮಾನದ ಮೇಲೆ ಬ್ರಿಟನ್ನು ಬೇರೊಂದು ಹಾದಿಯನ್ನು ಹಿಡಿಯಿತು. ಅಲ್ಲಿಯ ಮನೆಗಳು ಯೂರೋಪಿನಲ್ಲೇ ಹಳೆಯವು. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದಕ್ಕೊಂದು 1919ಕ್ಕಿಂತ ಹಿಂದಿನದು. 2011ರ ಇಂಧನ ಕಾಯಿದೆಯ ಮೇರೆಗೆ 2013ರ ಜನವರಿಯಲ್ಲಿ ‘ಗ್ರೀನ್ ಡೀಲ್’ ಎಂಬ ಯೋಜನೆ ಜಾರಿಗೆ ಬಂತು. ಅದರ ತತ್ತ್ವ ಜಾಣತನದಿಂದ ಕೂಡಿದುದು. ಮನೆಯೊಡೆಯ ಮುಂಗಡವಾಗಿ ಏನನ್ನೂ ತೆರಬೇಕಾಗಿಲ್ಲ. ನವೀಕರಣದ ಖರ್ಚು ಸಾಲವಾಗಿ ನಿಂತು ವಿದ್ಯುತ್ತಿನ ಬಿಲ್ಲಿನ ಮೂಲಕ ವರ್ಷವರ್ಷ ತೀರುತ್ತದೆ. ಸಾಲ ವ್ಯಕ್ತಿಗೆ ಅಂಟದೆ ಮನೆಗೆ ಅಂಟುತ್ತದೆ, ಮನೆ ಮಾರಿದರೆ ಕೊಂಡವನಿಗೆ ಹೋಗುತ್ತದೆ. ಕಂತು ಅಂದಾಜಿನ ಉಳಿತಾಯವನ್ನು ಮೀರಬಾರದೆಂದು ‘ಸ್ವರ್ಣ ನಿಯಮ’ವೊಂದಿತ್ತು. ಕಾಗದದ ಮೇಲೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಕಲ್ಪಿಸುವುದು ಕಷ್ಟ.

ಅನುಭವದಲ್ಲಿ ಆದುದು ಬೇರೆ. ಮೊದಲು ಅಧಿಕೃತ ಪರೀಕ್ಷಕನನ್ನು ಕರೆಸಬೇಕು, ಸಾಮಾನ್ಯವಾಗಿ ಶುಲ್ಕ ಕೊಟ್ಟು. ಅವನ ವರದಿ ಬಂದ ಮೇಲೆ ಸಾಲದ ಏರ್ಪಾಡು ಮಾಡುವ ಸಂಸ್ಥೆಯನ್ನು ಹುಡುಕಬೇಕು. ಆಮೇಲೆ ಕೆಲಸ ಮಾಡುವವನು ಬೇರೆ. ಕಂತು ಕೀಳುವ ವಿದ್ಯುತ್ ಕಂಪನಿ ಬೇರೆ. ಬಡ್ಡಿ ಸಾಮಾನ್ಯ ಗೃಹಸಾಲದ ದರಕ್ಕಿಂತ ಮೇಲು. ಮನೆಗೆ ಅಂಟಿದ ಸಾಲ ಮಾರಾಟಕ್ಕೆ ಅಡ್ಡಿಯಾದೀತೆಂಬ ಶಂಕೆ ಬೇರೆ. ಹಣದ ಒಂದು ಗಂಟನ್ನು ಬಿಡಿಸಲು ಹೋಗಿ ಹೊಣೆಯನ್ನು ನಾಲ್ಕು ಕೈಗಳಿಗೆ ಹಂಚಿದಂತಾಯಿತು. ಆ ನಾಲ್ವರನ್ನು ಒಂದೆಡೆ ಕೂಡಿಸುವ ಐದನೆಯವನು ಮನೆಯೊಡೆಯನೇ! 2015ರ ಜುಲೈನಲ್ಲಿ ಸರ್ಕಾರ ಹಣವನ್ನು ನಿಲ್ಲಿಸಿತು. 2016ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಪ್ರಕಟಿಸಿದ ವರದಿಯ ಪ್ರಕಾರ ಈ ಸಾಲವನ್ನು ಪಡೆದ ಮನೆಗಳು ಸುಮಾರು 14,000. ಯೋಜನೆಗೆ ತೆರಿಗೆದಾರರಿಂದ ಸಂದುದು 24 ಕೋಟಿ ಪೌಂಡು, ಅಂದರೆ ಒಂದೊಂದು ಸಾಲಕ್ಕೆ ಸುಮಾರು 17,000 ಪೌಂಡು.

ಇದೇ ಕಾಲದ ಒಂದು ಸಣ್ಣ ಪ್ರಯೋಗ ಇಲ್ಲಿ ಉಲ್ಲೇಖಾರ್ಹ. ಅಟ್ಟಕ್ಕೆ ಹಾಸು ಹಾಕಿಸಲು ಜನ ಏಕೆ ಹಿಂಜರಿಯುತ್ತಾರೆಂದು ಸರ್ಕಾರದವರು ವಿಚಾರಿಸಿದಾಗ, ಅಟ್ಟದ ತುಂಬ ಬಿದ್ದಿರುವ ಹಳೆಯ ಸಾಮಾನೇ ಒಂದು ಕಾರಣವೆಂದು ತಿಳಿಯಿತು. ಅಟ್ಟವನ್ನು ತೆರವು ಮಾಡಿಕೊಡುವ ಸೇವೆಯನ್ನೂ ಹಾಸಿನ ಜೊತೆಗೆ ಸೇರಿಸಿ ನೋಡಿದರು. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿದ್ದರೂ, ಪ್ರಯೋಗದ ಸಂಖ್ಯೆ ಅಲ್ಪವಾಗಿದ್ದರೂ, ಒಪ್ಪಿದವರ ಪ್ರಮಾಣ ಹೆಚ್ಚಿತು. ಅರ್ಥಶಾಸ್ತ್ರದ ಯಾವ ಸೂತ್ರದಲ್ಲಿಯೂ ಕಾಣದ ಅಡ್ಡಿಯೊಂದು ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಅಡಗಿತ್ತು.

2020ರಲ್ಲಿ ಬ್ರಿಟನ್ನು ಮತ್ತೊಮ್ಮೆ ಪ್ರಯತ್ನಿಸಿತು. ಸಾಂಕ್ರಾಮಿಕದಿಂದ ಕುಗ್ಗಿದ ಉದ್ಯೋಗವನ್ನು ಎತ್ತುವುದೂ ಮನೆಗಳನ್ನು ತಿದ್ದುವುದೂ ಒಂದೇ ಏಟಿಗೆ ಆಗಲೆಂದು, 150 ಕೋಟಿ ಪೌಂಡುಗಳ ‘ಗ್ರೀನ್ ಹೋಮ್ಸ್ ಗ್ರಾಂಟ್’ ಯೋಜನೆ ಸೆಪ್ಟೆಂಬರಿನಲ್ಲಿ ಪ್ರಾರಂಭವಾಯಿತು. ಈ ಸಲ ಸಾಲವಲ್ಲ, ಸಹಾಯಧನ. ಗುರಿ 6,00,000 ಮನೆಗಳು. ಮರುವರ್ಷದ ಮಾರ್ಚಿನಲ್ಲಿಯೇ ಅದು ಮುಚ್ಚಿತು. ಕೆಲಸವಾಗುವುದೆಂದು ಲೆಕ್ಕಪರಿಶೋಧನಾ ಕಚೇರಿ ಎಣಿಸಿದ ಮನೆಗಳು ಸುಮಾರು 47,500, ಖರ್ಚು 31.4 ಕೋಟಿ ಪೌಂಡು, ಅದರಲ್ಲಿ 5 ಕೋಟಿಗೂ ಮಿಕ್ಕಿ ಆಡಳಿತಕ್ಕೇ. ಅವಧಿ ತೀರ ಕಿರಿದಾಗಿತ್ತು. ಮಾನ್ಯತೆ ಪಡೆದ ಕೆಲಸಗಾರರು ಸಾಲದಾದರು. ಅರ್ಜಿಗಳ ಪರಿಶೀಲನೆ ನಿಧಾನವಾಯಿತು. ಹಣವನ್ನು ಉಚಿತವಾಗಿ ಕೊಟ್ಟರೂ ಹಾದಿ ಸುಗಮವಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

5. ಪಿಕಾರ್ಡಿ: ಒಂದೇ ಬಾಗಿಲು

ಗ್ರೀನ್ ಡೀಲ್ ಪ್ರಾರಂಭವಾದ 2013ರಲ್ಲಿಯೇ ಫ್ರಾನ್ಸಿನ ಉತ್ತರಭಾಗದ ಪಿಕಾರ್ಡಿ ಪ್ರಾಂತದಲ್ಲಿ ಸದ್ದಿಲ್ಲದೆ ಇನ್ನೊಂದು ಕಾರ್ಯ ಮೊದಲಾಯಿತು. ಪ್ರಾಂತೀಯ ಸಭೆ ಇಂಧನ ಮಿತವ್ಯಯಕ್ಕಾಗಿ ಒಂದು ಸಾರ್ವಜನಿಕ ಸೇವಾಸಂಸ್ಥೆಯನ್ನೇ ಸ್ಥಾಪಿಸಿ, ‘ಪಿಕಾರ್ಡಿ ಪಾಸ್ ರೆನೊವಾಸ್ಯೋಂ’ ಎಂಬ ಹೆಸರಿನಲ್ಲಿ ನಡೆಸಿತು. ಅಲ್ಲಿಯ ಕ್ರಮ ಹೀಗೆ: ಸಂಸ್ಥೆಯ ತಂತ್ರಜ್ಞ ಮನೆಗೆ ಬಂದು ಮಾಡಿನಿಂದ ನೆಲದವರೆಗೆ ನೋಡುತ್ತಾನೆ, ಆ ಕುಟುಂಬದ ಆದಾಯಕ್ಕೂ ಅಗತ್ಯಕ್ಕೂ ಹೊಂದುವಂತೆ ಕೆಲಸದ ಪಟ್ಟಿಯನ್ನು ಸಿದ್ಧಪಡಿಸುತ್ತಾನೆ, ಗುತ್ತಿಗೆದಾರರನ್ನು ಗೊತ್ತುಮಾಡಲು ನೆರವಾಗುತ್ತಾನೆ, ಕೆಲಸದ ಮೇಲೆ ಕಣ್ಣಿಡುತ್ತಾನೆ. ಬೇಕೆಂದವರ ಪರವಾಗಿ ಸಂಸ್ಥೆಯೇ ಗುತ್ತಿಗೆದಾರರಿಗೆ ಹಣ ತೆತ್ತು, ಅದನ್ನು ದೀರ್ಘಕಾಲದ ಮಾಸಿಕ ಕಂತುಗಳಲ್ಲಿ ಹಿಂದಕ್ಕೆ ಪಡೆಯುತ್ತದೆ. ಕೆಲಸ ಮುಗಿದ ಮೇಲೆಯೂ ಇಂಧನದ ಬಳಕೆಯನ್ನು ಕೆಲವು ವರ್ಷ ಗಮನಿಸುತ್ತದೆ. ಈ ಕಾರ್ಯಕ್ಕೆ ಯೂರೋಪಿನ ಹೂಡಿಕೆ ಬ್ಯಾಂಕು ಸಾಲ ಕೊಟ್ಟಿತು.

ಇದರಲ್ಲಿ ಎರಡು ಅಂಶಗಳು ವಿಶೇಷ. ವಯಸ್ಸು ಸಂದವರಿಗೆ, ಆದಾಯ ಕಡಿಮೆಯಾದವರಿಗೆ ಬ್ಯಾಂಕುಗಳು ದೀರ್ಘಾವಧಿಯ ಸಾಲವನ್ನು ಸುಲಭವಾಗಿ ಕೊಡುವುದಿಲ್ಲ. ಆದರೆ ಸೋರುವ ಹಳೆಯ ಮನೆಗಳಲ್ಲಿ ಇರುವವರು ಬಹುಪಾಲು ಅಂಥವರೇ. ಅವರಿಗೆ ಬಾಗಿಲು ತೆರೆದುದು ಮೊದಲನೆಯದು. ಬ್ಯಾಂಕುಗಳಲ್ಲದ ಸಂಸ್ಥೆಗಳು ಹೀಗೆ ಹಣ ಒದಗಿಸಲು ಫ್ರಾನ್ಸಿನ ಶಾಸನದಲ್ಲಿ ಅಡ್ಡಿಯಿತ್ತು. 2014 ಮತ್ತು 2015ರ ಕಾಯಿದೆಗಳು ಅದನ್ನು ಸಡಿಲಿಸಿದವು. ಎರಡನೆಯದು, ತಪಾಸಣೆ ಮಾಡಿದವನೇ ಕೊನೆಯವರೆಗೂ ಉತ್ತರವಾದಿ. ಪ್ರಶ್ನೆ ಬಂದಾಗ ಮನೆಯೊಡೆಯನಿಗೆ ಹೋಗಲು ಒಂದು ಬಾಗಿಲಿದೆ, ಕೇಳಲು ಒಬ್ಬ ಮನುಷ್ಯನಿದ್ದಾನೆ. 2016ರಲ್ಲಿ ಪಿಕಾರ್ಡಿ ಪ್ರಾಂತ ಉತ್ತರದ ನೆರೆಪ್ರಾಂತದೊಡನೆ ವಿಲೀನವಾಯಿತು. ಸೇವೆ ಮಾತ್ರ ಅಳಿಯದೆ ಹೊಸ ಪ್ರಾಂತದ ಹೆಸರಿನಲ್ಲಿ ಮುಂದುವರಿಯಿತು. ಇದರ ವೇಗ ಹುಡ್ ರಿವರಿನದಲ್ಲ. ಒಂದೊಂದು ಮನೆಗೂ ತಂತ್ರಜ್ಞನ ಬಹಳ ಗಂಟೆಗಳು ಬೇಕು, ಆ ಗಂಟೆಗಳಿಗೆ ವೇತನ ಬೇಕು. ಮನೆಯೊಡೆಯನ ಬೆನ್ನಿನಿಂದ ಇಳಿಸಿದ ಭಾರ ಮಾಯವಾಗುವುದಿಲ್ಲ, ಇನ್ನೊಬ್ಬರ ಬೆನ್ನಿಗೆ ಏರುತ್ತದೆ.

‘ಒಂದೇ ಬಾಗಿಲಿನ ಸೇವೆ’ ಎಂಬ ಈ ಕಲ್ಪನೆ ಬರಬರುತ್ತ ರಾಜಮಾನ್ಯವಾಯಿತು. 2022ರ ಫೆಬ್ರವರಿಯಲ್ಲಿ ಐರ್ಲೆಂಡು ಇದನ್ನು ರಾಷ್ಟ್ರೀಯ ಯೋಜನೆಯ ಅಂಗವಾಗಿ ಸ್ವೀಕರಿಸಿತು: ನೋಂದಾಯಿತ ಸಂಸ್ಥೆಯೇ ತಪಾಸಣೆಯಿಂದ ಕೊನೆಯ ಪ್ರಮಾಣಪತ್ರದವರೆಗೆ ನಡೆಸುತ್ತದೆ, ಸಹಾಯಧನವನ್ನು ಮೊದಲೇ ಕಳೆದು ಉಳಿದುದನ್ನು ಮಾತ್ರ ಮನೆಯೊಡೆಯನಿಂದ ಪಡೆಯುತ್ತದೆ. 2024ರಲ್ಲಿ ಐರೋಪ್ಯ ಒಕ್ಕೂಟ ತನ್ನ ಕಟ್ಟಡಗಳ ನಿರ್ದೇಶನವನ್ನು ಪರಿಷ್ಕರಿಸಿದಾಗ, ಇಂಥ ಕೇಂದ್ರಗಳನ್ನು ಏರ್ಪಡಿಸುವುದು ಸದಸ್ಯರಾಷ್ಟ್ರಗಳ ಕರ್ತವ್ಯವೆಂದು ವಿಧಿಸಿತು. 80,000 ಜನರಿಗೊಂದು ಕೇಂದ್ರವೆಂಬುದು ಅದರಲ್ಲಿ ಹೇಳಿದ ಅಳತೆಗಳಲ್ಲೊಂದು.

6. ಸೌಲಭ್ಯದ ಅಪಾಯಗಳು

ಹಾಗಾದರೆ ಎಷ್ಟು ಸುಲಭವಾದರೆ ಅಷ್ಟು ಒಳ್ಳೆಯದೇ? ಚರಿತ್ರೆ ಹಾಗೆ ಹೇಳುವುದಿಲ್ಲ. ಇಟಲಿ 2020ರಲ್ಲಿ, ನವೀಕರಣಕ್ಕೆ ನೂರು ಖರ್ಚಾದರೆ ತೆರಿಗೆಯಲ್ಲಿ ನೂರಹತ್ತನ್ನು ಹಿಂದಿರುಗಿಸುವ ಯೋಜನೆಯನ್ನು ತಂದಿತು. ಆ ಹಕ್ಕನ್ನು ಮನೆಯೊಡೆಯ ಗುತ್ತಿಗೆದಾರನಿಗೋ ಬ್ಯಾಂಕಿಗೋ ವರ್ಗಾಯಿಸಬಹುದಾಗಿತ್ತು. ಅಂದರೆ ಅವನು ಕೈಯಿಂದ ಕಾಸು ಬಿಚ್ಚಬೇಕಾಗಿರಲಿಲ್ಲ. ಜನ ಮುಗಿಬಿದ್ದರು. ಆದರೆ ಬೆಲೆಯನ್ನು ಚೌಕಾಶಿ ಮಾಡಲು ಕೊಡುವವನಿಗೂ ಕೊಳ್ಳುವವನಿಗೂ ಕಾರಣವೇ ಉಳಿಯಲಿಲ್ಲ. ವಂಚನೆಗಳು ಬಯಲಾದವು; ಬೊಕ್ಕಸದ ಹೊರೆ 10,000 ಕೋಟಿ ಯೂರೋಗಳನ್ನು ಮೀರಿತು; 2023ರ ಫೆಬ್ರವರಿಯಲ್ಲಿ ವರ್ಗಾವಣೆಯನ್ನು ನಿಲ್ಲಿಸಬೇಕಾಯಿತು. ಫ್ರಾನ್ಸು ಕೂಡ 2025ರ ಬೇಸಗೆಯಲ್ಲಿ ತನ್ನ ಮುಖ್ಯ ಸಹಾಯಧನಕ್ಕೆ ಹೊಸ ಅರ್ಜಿಗಳನ್ನು ಕೆಲಕಾಲ ತಡೆಹಿಡಿಯಿತು. ಅರ್ಜಿಗಳ ರಾಶಿಯೂ ವಂಚನೆಯ ಸಂಶಯವೂ ಅದಕ್ಕೆ ಕಾರಣಗಳು.

ಬ್ರಿಟನ್ನಿನ ಇತ್ತೀಚಿನ ಅನುಭವ ಇನ್ನೂ ಕಠೋರವಾದುದು. ವಿದ್ಯುತ್ ಮತ್ತು ಅನಿಲ ಕಂಪನಿಗಳ ಮೇಲೆ ಹೊಣೆ ಹೊರಿಸಿ, ಬಡ ಕುಟುಂಬಗಳ ಮನೆಗಳಿಗೆ ಹೊದಿಕೆ ಹೊದಿಸುವ ಯೋಜನೆಗಳನ್ನು ಅಲ್ಲಿ ನಡೆಸುತ್ತಿದ್ದರು. ಆ ಮನೆಗಳವರು ಒಪ್ಪಿಗೆ ಕೊಟ್ಟದ್ದಷ್ಟೆ. ಉಳಿದುದೆಲ್ಲ ಕಂಪನಿಗಳ ಮತ್ತು ಅವರ ಕೈಕೆಳಗಿನ ಗುತ್ತಿಗೆದಾರರ ಪಾಲು. 2025ರ ಅಕ್ಟೋಬರಿನಲ್ಲಿ ಲೆಕ್ಕಪರಿಶೋಧನಾ ಕಚೇರಿ ಹೊರಪಡಿಸಿದಂತೆ, ಈ ಯೋಜನೆಗಳಲ್ಲಿ ಹೊರಗೋಡೆಗೆ ಹೊದಿಕೆ ಹೊದಿಸಿದ ಮನೆಗಳಲ್ಲಿ ಶೇಕಡಾ 98ರಷ್ಟರಲ್ಲಿ ಸರಿಪಡಿಸಲೇಬೇಕಾದ ದೊಡ್ಡ ದೋಷಗಳಿದ್ದವು. ಹೊದಿಕೆ ಕೆಟ್ಟರೆ ಗೋಡೆಯಲ್ಲಿ ತೇವ ನಿಲ್ಲುತ್ತದೆ, ಬೂಷ್ಟು ಹಿಡಿಯುತ್ತದೆ. ಬೆಚ್ಚಗಾಗಲೆಂದು ಮನೆ ಒಪ್ಪಿಸಿದವರು ಮೊದಲಿಗಿಂತ ಕೆಟ್ಟ ಮನೆಯಲ್ಲಿ ಬದುಕಬೇಕಾಗುತ್ತದೆ. ಹುಡ್ ರಿವರಿನಲ್ಲಿಯೂ ಮನೆಯವರು ಒಪ್ಪಿಗೆಯನ್ನೇ ಕೊಟ್ಟರು, ಇಲ್ಲಿಯೂ ಅದನ್ನೇ ಕೊಟ್ಟರು. ಅಲ್ಲಿ ಕೆಲಸದ ಫಲದಲ್ಲಿ ಪಾಲಿದ್ದವರು ಕೆಲಸವನ್ನು ಪರೀಕ್ಷಿಸುತ್ತಿದ್ದರು. ಇಲ್ಲಿ ಹೊಣೆ ಕೈಯಿಂದ ಕೈಗೆ ಜಾರಿ ಯಾರ ಕೈಯಲ್ಲಿಯೂ ನಿಲ್ಲಲಿಲ್ಲ.

7. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸೌಲಭ್ಯವೆಂದರೆ ಹಣದ ಸೌಲಭ್ಯ ಮಾತ್ರವಲ್ಲ. ಗ್ರೀನ್ ಡೀಲ್ ಸಾಲವನ್ನು ಕೊಟ್ಟಿತು, ಅದರ ಮುಂದಿನ ಯೋಜನೆ ದಾನವನ್ನೇ ಕೊಟ್ಟಿತು, ಎರಡೂ ನಿಲ್ಲಲಿಲ್ಲ. ಸೌಲಭ್ಯವೆಂದರೆ ನಿಯಮಗಳನ್ನು ಕಿತ್ತುಹಾಕುವುದೂ ಅಲ್ಲ. ಇಟಲಿಯಲ್ಲಿ ಅದರ ಬೆಲೆ ಬೊಕ್ಕಸಕ್ಕೆ ತಗಲಿತು, ಬ್ರಿಟನ್ನಿನಲ್ಲಿ ಬಡವರ ಗೋಡೆಗಳಿಗೆ ತಗಲಿತು. ಮೊದಲ ಭೇಟಿಯಿಂದ ಕಡೆಯ ಪರೀಕ್ಷೆಯವರೆಗೆ ಉತ್ತರ ಹೇಳುವ ಒಬ್ಬನಿರಬೇಕು. ಮನೆಯೊಡೆಯನ ಶಕ್ತಿಗೆ ಮೀರಿದ ಮುಂಗಡವನ್ನು ಕೇಳಬಾರದು. ಕೆಲಸ ಮಾಡಿದವನೇ ಕೆಲಸವನ್ನು ಒಪ್ಪುವವನಾಗಬಾರದು. ಈ ಮೂರೂ ಕೂಡಿದಲ್ಲಿ ಹಾದಿ ನಿಧಾನವಾದರೂ ಸುಗಮವಾಗಿದೆ.

ಇಂಧನ ಮಿತವ್ಯಯದ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯೆಂದೋ ಬೆಲೆಗಳ ಚರಿತ್ರೆಯೆಂದೋ ಬರೆಯುವುದು ವಾಡಿಕೆ. ಅದು ನಂಬಿಕೆಯ ಚರಿತ್ರೆಯೂ ಹೌದು. ಒಂದು ಕುಟುಂಬ ತಾನು ವಾಸಿಸುವ ಗೋಡೆಯನ್ನು ಅಪರಿಚಿತರ ಕೈಗೆ ಒಪ್ಪಿಸುವುದು ಸಣ್ಣ ಮಾತಲ್ಲ. ಒಂದು ಸಲ ಮೋಸಹೋದ ಬೀದಿಯಲ್ಲಿ ಎರಡನೆಯ ಯೋಜನೆಗೆ ಬಾಗಿಲು ತೆರೆಯುವುದು ಕಷ್ಟ. ಹುಡ್ ರಿವರಿನಲ್ಲಿ ಬಾಯಿಮಾತು ಯೋಜನೆಯನ್ನು ಮನೆಯಿಂದ ಮನೆಗೆ ಒಯ್ದಿತು. ಕೆಟ್ಟ ಕೆಲಸದ ಸುದ್ದಿಯೂ ಅದೇ ದಾರಿಯಲ್ಲಿ, ಅಷ್ಟೇ ವೇಗವಾಗಿ ಹರಡುತ್ತದೆ ಎಂಬುದನ್ನು ಮುಂದಿನ ಯೋಜನೆಗಳನ್ನು ರೂಪಿಸುವವರು ಮರೆಯುವಂತಿಲ್ಲ.